ಖಾಲಿ ಬಾಯಿ

ಕಟ್ಟೆಮಳಲವಾಡಿಯ ಲಿಂಗರಾಜುವಿನ ಹೆಂಡತಿ ಭಾಗ್ಯಮ್ಮನಿಗೆ ಎಲೆಅಡಿಕೆ ಚಟ ವಿಪರೀತ ಎಂದು ಊರೆಲ್ಲ ನಂಬಿತ್ತು. ನಂಬದೆ ಏನು ಮಾಡುತ್ತದೆ? ಎದ್ದಾಗಿನಿಂದ ಮಲಗುವವರೆಗೆ ಆಕೆಯ ಬಾಯಿ ಆಡುತ್ತಲೇ ಇರುತ್ತಿತ್ತು. ದವಡೆ ಮೇಲೆ ಕೆಳಗೆ ಹೋಗುವುದು, ತುಟಿ ಚಪ್ಪರಿಸುವುದು, ನಾಲಿಗೆ ಈ ಕೆನ್ನೆಯಿಂದ ಆ ಕೆನ್ನೆಗೆ ಉರುಳುವುದು. ಸೊಂಟದಲ್ಲಿ ಎಲೆಅಡಿಕೆ ಚೀಲ ಬೇರೆ. ಇಷ್ಟು ಕಂಡ ಮೇಲೆ ಊರಿಗೆ ಇನ್ನೇನು ಸಾಕ್ಷಿ ಬೇಕು? ಹೊಗೆಸೊಪ್ಪು ಬಿಡಿಸಿ ಗ್ರೇಡ್ ಮಾಡುವ ಶೆಡ್ಡಿನಲ್ಲಿ ಕೂಲಿ ಹೆಂಗಸರು ‘ಎಲಡ್ಕೆ ಭಾಗ್ಯಕ್ಕ’ ಎಂದು ಹೆಸರಿಟ್ಟರು. ಹೆಸರಿಡುವ ಕೆಲಸಕ್ಕೆ ನಮ್ಮ ಜನ ಕೂಲಿ ಕೇಳುವುದಿಲ್ಲ.

ನಿಜ ಹೇಳಬೇಕೆಂದರೆ ಆ ಬಾಯಲ್ಲಿ ಎಲೆಯೂ ಇರಲಿಲ್ಲ, ಅಡಿಕೆಯೂ ಇರಲಿಲ್ಲ. ಖಾಲಿ ಬಾಯಿ ತನ್ನಷ್ಟಕ್ಕೆ ತಾನೇ ಆಡುತ್ತಿತ್ತು. ಚೀಲದಲ್ಲಿದ್ದದ್ದು ಬಾಡಿ ಸೊರಗಿದ ಎರಡು ಎಲೆ, ಒಂದು ಹಿಡಿ ಲವಂಗ. ಎಲೆ ಊರಿಗೆ ತೋರಿಸುವುದಕ್ಕೆ, ಲವಂಗ ತನಗೆ.

ಇದೆಲ್ಲ ಶುರುವಾದದ್ದು ಮಗಳು ಶಾಂತಲಾ ಇನ್ನೂ ಸ್ಲೇಟು ಹಿಡಿದು ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ, ತೊಂಬತ್ತರ ಆಸುಪಾಸು. ಭಾಗ್ಯಮ್ಮನಿಗೆ ಇದ್ದಕ್ಕಿದ್ದಂತೆ ನಿದ್ದೆ ಬಿಟ್ಟುಹೋಯಿತು. ಆಮೇಲೆ ಬಾವಿಯೊಳಗಿಂದ ಯಾರೋ ತನ್ನ ಹೆಸರು ಹಿಡಿದು ಬೈಯುವುದು ಕೇಳಿಸತೊಡಗಿತು. ಅತ್ತೆ ಮುದ್ದೆಯಲ್ಲಿ ಏನೋ ಬೆರೆಸುತ್ತಿದ್ದಾಳೆಂದು ತಟ್ಟೆ ಎತ್ತಿ ಹಿತ್ತಲಿಗೆ ಎಸೆದಳು. ಗಾಳಿ ಮೆಟ್ಟಿದೆ ಎಂದರು. ಕೋಟೆ ಊರಿನ ಕಡೆಯಿಂದ ಮಂತ್ರವಾದಿ ಬಂದ, ಬೇವಿನ ಬರಲಿನಲ್ಲಿ ಹೊಡೆದ, ತಾಯಿತ ಕಟ್ಟಿದ, ಕೋಳಿ ಹಿಡಿದುಕೊಂಡು ಹೋದ. ಕೋಳಿ ಹೋಯಿತು, ಗಾಳಿ ಹೋಗಲಿಲ್ಲ. ಎರಡು ವರ್ಷ ಹೀಗೇ ಕಳೆಯಿತು. ಆ ಎರಡು ವರ್ಷದಲ್ಲಿ ಅವಳನ್ನು ಸೌದೆ ಕೊಟ್ಟಿಗೆಯಲ್ಲಿ ಕೂಡಿಹಾಕಿ ಅಗಣಿ ಹಾಕಿದ ದಿನಗಳೂ ಇದ್ದವು. ಕೊನೆಗೆ ಲಿಂಗರಾಜುವಿನ ಅಕ್ಕ ಗುರುಶಾಂತಮ್ಮ ಪಿರಿಯಾಪಟ್ಟಣದಿಂದ ಬಂದವಳು ತಮ್ಮನಿಗೆ ಸರಿಯಾಗಿ ಉಗಿದು, ಅವನ ಹೆಂಡತಿಯ ಕೈ ಹಿಡಿದು ಎಳೆದುಕೊಂಡು ಮೈಸೂರಿನ ಬಸ್ಸು ಹತ್ತಿದಳು.

ಮೈಸೂರಿನ ಡಾಕ್ಟರು ಮಾತ್ರೆ ಕೊಟ್ಟರು. ಒಂದೆರಡು ತಿಂಗಳಲ್ಲಿ ಬಾವಿ ಸುಮ್ಮನಾಯಿತು. ಅತ್ತೆ ಮಾಡಿದ ಮುದ್ದೆಯನ್ನು ಭಾಗ್ಯಮ್ಮ ಮತ್ತೆ ಉಣ್ಣತೊಡಗಿದಳು. ಊರು ಮಾತ್ರ ಗಾಳಿ ಬಿಡಿಸಿದ್ದು ಮಂತ್ರವಾದಿಯೇ ಎಂದುಕೊಂಡಿತು. ಮೈಸೂರಿಗೆ ಹೋಗಿಬರುವುದು ರಕ್ತ ಕಮ್ಮಿಯಾಗಿರುವುದಕ್ಕೆ ಎಂದು ಲಿಂಗರಾಜು ಹಬ್ಬಿಸಿದ. ವರ್ಷಗಟ್ಟಲೆ ಮಾತ್ರೆ ನುಂಗಿದಳು. ಒಂದು ಸಲ ತೋರಿಸಿಕೊಳ್ಳಲು ಹೋದಾಗ ಡಾಕ್ಟರು ಔಷಧಿ ಚೀಟಿ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟು, ನಾಲಿಗೆ ಚಾಚಿ ಹಾಗೇ ಹಿಡಿದುಕೊಳ್ಳಿ ಎಂದರು. ಭಾಗ್ಯಮ್ಮ ಚಾಚಿದಳು. ಹಿಡಿದುಕೊಳ್ಳಲು ಆಗಲಿಲ್ಲ. ನಾಲಿಗೆ ಬಿಲ ಸೇರುವ ಹಾವಿನಂತೆ ಒಳಗೆ ಓಡಿತು.

“ಇದು ನಿಮ್ಮ ಕಾಯಿಲೆ ಅಲ್ಲಮ್ಮ, ಮಾತ್ರೆ ಕೊಟ್ಟ ಬಳುವಳಿ” ಎಂದರು ಡಾಕ್ಟರು. “ಬಹಳ ವರ್ಷ ತಗೊಂಡವರಲ್ಲಿ ಕೆಲವರಿಗೆ ಹೀಗಾಗುತ್ತೆ. ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸೋಣ. ನಿಲ್ಲಿಸಿದ ಹೊಸದರಲ್ಲಿ ಇನ್ನೂ ಜಾಸ್ತಿ ಅನ್ನಿಸಬಹುದು. ಆಮೇಲೆ ಇಳಿಯಬಹುದು. ಇಳಿಯದೇನೂ ಇರಬಹುದು. ಸುಳ್ಳು ಹೇಳಲ್ಲ ನಾನು. ಆದರೆ ನಿದ್ದೆ ಬಿಟ್ಟುಹೋದರೆ ಮಾತ್ರ ಒಂದು ದಿನವೂ ಕಾಯದೆ ಬಂದುಬಿಡಿ.”

ನಿದ್ದೆ ಬಿಟ್ಟುಹೋಗಲಿಲ್ಲ. ಮಾತ್ರೆ ನಿಂತು ಎರಡು ಬೆಳೆ ಕೈಗೆ ಬಂದರೂ ತಲೆ ತಿಳಿಯಾಗಿಯೇ ಇತ್ತು. ಬಾಯಿ ಮಾತ್ರ ನಿಲ್ಲಲಿಲ್ಲ. ಭಾಗ್ಯಮ್ಮನಿಗೆ ಮಾತ್ರೆಯ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೋದ ತಲೆಯನ್ನು ತಂದುಕೊಟ್ಟು ಬಾಯಿ ಇಸಕೊಂಡವು, ಏನು ಮಾಡುವುದು ಎಂದುಕೊಂಡಳು. ಸೌದೆ ಕೊಟ್ಟಿಗೆಯ ಕತ್ತಲು ನೋಡಿದವಳಿಗೆ ಈ ವ್ಯಾಪಾರ ನಷ್ಟದ್ದು ಅನ್ನಿಸಲಿಲ್ಲ. ಆದರೂ ಕೆನ್ನೆಯ ಒಳಗೆ ಹುಣ್ಣಾದಾಗ, ನಾಲ್ಕು ಜನರ ನಡುವೆ ಊಟಕ್ಕೆ ಕೂತು ಅನ್ನ ಸೆರಗಿನ ಮೇಲೆ ಉದುರಿದಾಗ ಅಳು ಬರುತ್ತಿತ್ತು. ಆಮೇಲೆ ಅವಳು ಒಬ್ಬಳೇ, ಎಲ್ಲರದೂ ಆದ ಮೇಲೆ ಉಣ್ಣತೊಡಗಿದಳು.

ಬಾಯಿಯ ಜೊತೆ ಬಾಳುವುದನ್ನೂ ಕಲಿತಳು. ಮಾತಾಡುವಾಗ ಅದು ಸುಮ್ಮನಿರುತ್ತಿತ್ತು, ಹಾಡು ಹೇಳಿದರೂ ಅಷ್ಟೆ. ಸುಮ್ಮನೆ ಕೂತರೆ ಶುರು. ಗಾಬರಿಯಾದರೆ ಎರಡು ಪಟ್ಟು. ನಿದ್ದೆಯಲ್ಲಿ ಪೂರ್ತಿ ನಿಂತುಹೋಗುತ್ತದೆ ಎಂದು ಶಾಂತಲಾ ನೋಡಿ ಹೇಳಿದ್ದಳು. ಕೆನ್ನೆಯಲ್ಲಿ ಒಂದು ಲವಂಗ ಇಟ್ಟುಕೊಂಡರೆ ನಾಲಿಗೆ ಅದನ್ನು ಕಾಯುತ್ತ ಕೂರುತ್ತಿತ್ತು, ಅರ್ಧಕ್ಕರ್ಧ ತಗ್ಗುತ್ತಿತ್ತು. ಸೊಪ್ಪು ಬಿಡಿಸುವಾಗ ಹೆಂಗಸರ ಜೊತೆ ಬಿಡದೆ ಮಾತಾಡುತ್ತಿದ್ದಳು. ಭಾಗ್ಯಕ್ಕನಿಗೆ ಎಲಡ್ಕೆ ಚಟದ ಜೊತೆ ಮಾತಿನ ಚಟವೂ ಹತ್ತಿದೆ ಎಂದು ಅದಕ್ಕೂ ನಕ್ಕರು.

ಎಲೆಅಡಿಕೆಯ ಸುಳ್ಳು ಹುಟ್ಟಿಸಿದ್ದೂ ಲಿಂಗರಾಜುವೇ. ಟೀ ಅಂಗಡಿಯಲ್ಲಿ ಯಾರೋ “ನಿಮ್ಮನೇರು ಯಾವಾಗ್ಲೂ ಏನೋ ಅಗೀತಿರ್ತಾರಲ್ಲಣ್ಣೋ” ಎಂದು ಕೇಳಿದ್ದಕ್ಕೆ, “ಎಲಡ್ಕೆ ಕಣಪ್ಪಾ, ಬುಡು ಅಂದ್ರೆ ಬುಡಾಕಿಲ್ಲ” ಎಂದುಬಿಟ್ಟಿದ್ದ. ಮನೆಗೆ ಬಂದು ಹೆಂಡತಿಗೂ ಹೇಳಿದ. ಹುಚ್ಚಿ ಅನ್ನಿಸಿಕೊಳ್ಳುವುದಕ್ಕಿಂತ ಚಟಗಾತಿ ಅನ್ನಿಸಿಕೊಳ್ಳುವುದು ವಾಸಿ ಎಂದು ಇಬ್ಬರಿಗೂ ಅನ್ನಿಸಿತು. ಮರುದಿನ ಸಂತೆಯಿಂದ ಚೀಲ ತಂದುಕೊಟ್ಟ. ಕೆಟ್ಟ ಮನುಷ್ಯ ಅಲ್ಲ ಅವನು, ಊರಿಗೆ ಹೆದರುವ ಮನುಷ್ಯ. ಅಂಥವರಿಂದ ಊರು ತುಂಬಿದೆ.

ಎರಡು ಸಾವಿರದ ಮೂರನೇ ಇಸವಿ. ಸೊಪ್ಪು ಮಾರಾಟ ಮುಗಿದು ಕೈ ಬಿಡುವಾದ ಹೊತ್ತಿಗೆ ಶಾಂತಲಾಗೆ ಸಾಲಿಗ್ರಾಮದ ಕಡೆಯಿಂದ ಸಂಬಂಧ ಬಂತು. ಹುಡುಗ ನಟರಾಜು, ಗೊಬ್ಬರದ ಅಂಗಡಿ ಇಟ್ಟಿದ್ದ, ಕಾಲುವೆ ಕೆಳಗೆ ಗದ್ದೆಯೂ ಇತ್ತು. ಹೆಣ್ಣು ನೋಡಲು ಬಂದ ದಿನ ಭಾಗ್ಯಮ್ಮ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಗುರುಶಾಂತಮ್ಮನೇ ಮುಂದೆ ಕೂತು ಮಾತು ನಡೆಸಿದಳು. ಎರಡೂ ಕಡೆ ಒಪ್ಪಿಗೆಯಾಯಿತು. ಇನ್ನು ಉಳಿದದ್ದು ವೀಳ್ಯಶಾಸ್ತ್ರ. ಎರಡೂ ಮನೆಯ ತಾಯಂದಿರು ಎದುರುಬದುರು ಕೂತು ಎಲೆಅಡಿಕೆ ತುಂಬಿದ ತಟ್ಟೆ ಬದಲಾಯಿಸಿಕೊಂಡರೆ ಮಾತು ಗಟ್ಟಿ. ಕೊಡುವವಳು ಹೆಣ್ಣಿನ ತಾಯಿ.

“ನೋಡು ಭಾಗ್ಯ, ನಿಂಗೆ ಜ್ವರ ಅಂತ ಏಳ್ಬುಡ್ತೀವಿ” ಎಂದಳು ಗುರುಶಾಂತಮ್ಮ, ಜಗಲಿಯ ಮೇಲೆ ಅಕ್ಕಿ ಆರಿಸುತ್ತ. “ನಿನ್ ಜಾಗ್ದಲ್ಲಿ ನಾನು ಕುಂತ್ಕೊಂಡು ಕೊಡ್ತೀನಿ. ಸೋದರತ್ತೆ ಕೊಟ್ರೂ ನಡೀತದೆ.”

ಭಾಗ್ಯಮ್ಮ ಮೊರ ಕೆಳಗಿಟ್ಟಳು. “ಅತ್ತಿಗೆ, ನನ್ನ ಆಸ್ಪತ್ರೆಗೆ ಕರ್ಕೊಂಡೋಗಿ ಬದುಕ್ಸಿದ್ದು ನೀವು. ನಿಮ್ಮ ಮಾತು ಯಾವತ್ತೂ ಮೀರಿಲ್ಲ. ಇದೊಂದು ಬ್ಯಾಡಿ. ನನ್ ಮಗ್ಳ ವೀಳ್ಯ ನಾನೇ ಕೊಡ್ತೀನಿ.”

“ತಾಯಿ ನೀನೇಯ, ಇಲ್ಲ ಅಂದೋರ್ಯಾರು? ಅವ್ರು ನಿನ್ ಬಾಯಿ ನೋಡುದ್ರೆ...”

“ಸಾವಿರ ಸುಳ್ಳು ಏಳಿ ಒಂದು ಮದ್ವೆ ಮಾಡು ಅಂತಾರೆ ಕಣೆ” ಎಂದು ಲಿಂಗರಾಜು ನಡುವೆ ಬಾಯಿ ಹಾಕಿದ. “ಒಂದು ಜ್ವರದ ಸುಳ್ಳು ಏಳಕ್ಕೆ ನಿಂಗೇನು ಕಷ್ಟ?”

ಭಾಗ್ಯಮ್ಮ ಮಗಳ ಕಡೆ ನೋಡಿದಳು. ಶಾಂತಲಾ ಬಾಗಿಲ ಪಕ್ಕ ನಿಂತು ಉಗುರಿನಿಂದ ಗೋಡೆಯ ಸುಣ್ಣ ಕೆರೆಯುತ್ತಿದ್ದಳು. ಅವ್ವ ಕೂತುಕೊಳ್ಳಲಿ ಎಂದು ಅವಳ ಬಾಯಿಂದ ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಆ ಮೌನ ಭಾಗ್ಯಮ್ಮನನ್ನು ಮಂತ್ರವಾದಿಯ ಬೇವಿನ ಬರಲಿಗಿಂತ ಜೋರಾಗಿ ಹೊಡೆಯಿತು.

ಸಂಜೆ ಹೊಗೆಸೊಪ್ಪಿನ ಬ್ಯಾರನ್ನಿನ ಹಿಂದೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಶಾಂತಲಾ ತಾನೇ ಬಂದಳು. ಬ್ಯಾರನ್ನಿನ ಗೋಡೆ ಸೊಪ್ಪು ಬೇಯಿಸುವ ಕಾಲದಲ್ಲಿ ಮುಟ್ಟಲಾಗದಷ್ಟು ಕಾಯುತ್ತದೆ. ಈಗ ತಣ್ಣಗಿತ್ತು. ಅದಕ್ಕೆ ಒರಗಿ ನಿಂತು ಹೇಳಿದಳು.

“ಅವ್ವ, ನಿನ್ ಬಾಯಿ ಕಂಡ್ರೆ ನಂಗೆ ನಾಚಿಕೆ ಅಂದ್ಕಬ್ಯಾಡ. ಅವ್ರು ನಿನ್ನ ಒಂಥರ ನೋಡ್ತಾರಲ್ಲ, ಅದ ನೋಡಕ್ಕೆ ನನ್ ಕೈಲಿ ಆಗಲ್ಲ. ಶೆಡ್ಡಲ್ಲಿ ನಗ್ತಾರಲ್ಲ, ಅವತ್ತೆಲ್ಲ ನಂಗೆ ಊಟ ಸೇರಲ್ಲ.”

“ನೋಡೋರು ನೋಡ್ಲಿ ಬುಡು. ನೀನು ಮಾತ್ರ ತಲೆ ತಗ್ಗಿಸ್ಬ್ಯಾಡ” ಎಂದಳು ಭಾಗ್ಯಮ್ಮ. “ನೀನು ಸಣ್ಣೋಳಿದ್ದಾಗ ಎರಡು ವರ್ಷ ನಾನು ನಿಂಗೆ ತಾಯಾಗಿರ್ಲಿಲ್ಲ. ಜಡೆ ಹಾಕ್ಲಿಲ್ಲ, ಉಣ್ಣಕ್ಕಿಕ್ಲಿಲ್ಲ. ಎಲ್ಲಾ ನಿನ್ ಅಜ್ಜಿ ಮಾಡುದ್ರು. ಈಗ ನಿನ್ನ ಕೊಡೋ ದಿನಾನೂ ಒಳಗೆ ಕುಂತ್ಕೊಂಡ್ರೆ, ನಾನು ಯಾವಾಗ ತಾಯಾಗೋದು?”

ಶಾಂತಲಾ ಅವ್ವನ ಕೈಯಿಂದ ಬಟ್ಟೆ ಇಸಕೊಂಡು ಮಡಿಸತೊಡಗಿದಳು. ಮಡಿಸಿ ಮುಗಿದ ಮೇಲೆ ಒಳಗೆ ಹೋಗಿ ಸೋದರತ್ತೆಯ ಮುಂದೆ ನಿಂತು, ಅವ್ವನೇ ಕೂತುಕೊಳ್ಳುತ್ತಾಳೆ ಎಂದು ಹೇಳಿದಳು. ಗುರುಶಾಂತಮ್ಮ ತಲೆ ಚಚ್ಚಿಕೊಂಡು, ಒಂದು ಒಪ್ಪಂದಕ್ಕೆ ಬಂದಳು. ಕೂರಲಿ, ಆದರೆ ಮಾತಾಡುವುದು ಬೇಡ. ಸೆರಗು ಬಾಯಿಗೆ ಅಡ್ಡ ಇರಲಿ. ಕೆನ್ನೆಯಲ್ಲಿ ಲವಂಗ ಇರಲಿ. ತಟ್ಟೆ ಕೊಟ್ಟ ತಕ್ಷಣ ಅಡುಗೆಮನೆಗೆ ಎದ್ದು ಬರಲಿ.

ವೀಳ್ಯದ ದಿನ ಬೆಳಿಗ್ಗೆ ಭಾಗ್ಯಮ್ಮ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಚೀಲದಿಂದ ಲವಂಗ ತೆಗೆದಳು. ತುಟಿಯ ಹತ್ತಿರ ತಂದವಳು ನಿಂತಳು. ತಟ್ಟೆ ಕೈ ಬದಲಾಗುವವರೆಗೆ ಎರಡು ಮನೆಯವರ ಬಾಯಲ್ಲೂ ಏನೂ ಇರಕೂಡದು ಎನ್ನುವುದು ಅವಳ ತವರಿನ ಕಟ್ಟಳೆ. ಎಲೆ ಬೇರೆ, ಲವಂಗ ಬೇರೆ ಎಂದು ವಾದ ಹೂಡಬಹುದಿತ್ತು. ಆದರೆ ಮಗಳನ್ನು ಕೊಡುವ ಹೊತ್ತಿನಲ್ಲಿ ದೇವರ ಮುಂದೆ ಲಾಯರಿಕೆ ಮಾಡಲು ಅವಳಿಗೆ ಮನಸ್ಸು ಬರಲಿಲ್ಲ. ಲವಂಗವನ್ನು ಚೀಲಕ್ಕೆ ಹಾಕಿ, ಚೀಲವನ್ನು ಗೂಟಕ್ಕೆ ನೇತುಹಾಕಿ, ಬಾಯಿ ಮುಕ್ಕಳಿಸಿ ಉಗುಳಿದಳು. ಏನಾಗುತ್ತದೋ ಆಗಲಿ, ಖಾಲಿ ಬಾಯಲ್ಲೇ ಕೊಡುತ್ತೇನೆ ಎಂದು ನಿರ್ಧರಿಸಿದಳು.

ಬೀಗರು ವ್ಯಾನಿನಲ್ಲಿ ಬಂದಿಳಿದರು. ಹುಡುಗನ ತಾಯಿ ಸುನಂದಮ್ಮ ಗಂಡನಿಲ್ಲದವಳಲ್ಲ, ಆದರೆ ಗಂಡ ಮಾತಿಲ್ಲದವನು. ಆ ಮನೆಯ ಮಾತೆಲ್ಲ ಅವನ ಅಣ್ಣ ಶಿವನಂಜಪ್ಪನದು. ಬಿಳಿ ಮೀಸೆ, ಭುಜದ ಮೇಲೆ ಕೆಂಪಂಚಿನ ವಲ್ಲಿ. ಸುತ್ತಲ ಊರುಗಳಲ್ಲಿ ಯಾರ ಮನೆಯ ವೀಳ್ಯ ಆದರೂ ಯಾವ ದಿಕ್ಕಿಗೆ ಕೂರಬೇಕು, ಎಷ್ಟು ಎಲೆ ಇಡಬೇಕು, ಯಾರು ಮೊದಲು ಮುಟ್ಟಬೇಕು ಎಂದು ಹೇಳುವವನು ಅವನೇ. ಶಾಸ್ತ್ರದಲ್ಲಿ ಕೂದಲಷ್ಟು ಆಚೀಚೆ ಆದರೂ ಅವನಿಗೆ ಹಲ್ಲಿನಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು.

ಚಪ್ಪರದ ಕೆಳಗೆ ಜಮಖಾನ ಹಾಸಿ ಎರಡೂ ಕಡೆಯವರು ಕೂತರು. ಭಾಗ್ಯಮ್ಮ ಗಂಡನ ಪಕ್ಕದಲ್ಲಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೂತಳು. ಎದುರಿಗೆ ಸುನಂದಮ್ಮ. ಕುಲದೇವರ ಹೆಸರು, ಊರುಗಳ ಹೆಸರು, ಮೂರು ತಲೆಮಾರಿನ ಹಿರಿಯರ ಹೆಸರು ಹೇಳಿಯಾಯಿತು. ಗಾಬರಿಗೆ ಅವಳ ದವಡೆ ಸೆರಗಿನ ಹಿಂದೆ ಗಾಣದಂತೆ ತಿರುಗುತ್ತಿತ್ತು. ಇನ್ನೇನು ಮುಗಿಯಿತು ಎಂದು ಒಳಗೊಳಗೇ ದೇವರಿಗೆ ಕೈಮುಗಿದಳು.

“ಹೆಣ್ಣಿನ ತಾಯಿ ವೀಳ್ಯ ಎತ್ತಬೇಕು” ಎಂದ ಶಿವನಂಜಪ್ಪ.

ಇಷ್ಟು ದಿನ ಇಷ್ಟು ಜನ ಕೂತು ಯೋಚನೆ ಮಾಡಿದ್ದರೂ ಒಂದು ವಿಷಯ ಯಾರಿಗೂ ಹೊಳೆದಿರಲಿಲ್ಲ. ಎಲೆ, ಅಡಿಕೆ, ತೆಂಗಿನಕಾಯಿ, ಹಣ್ಣು ತುಂಬಿದ ಹಿತ್ತಾಳೆ ತಟ್ಟೆಯನ್ನು ಎತ್ತಲು ಎರಡು ಕೈ ಬೇಕು. ಸೆರಗು ಹಿಡಿಯಲು ಮೂರನೆಯದು ಎಲ್ಲಿಂದ ಬರಬೇಕು? ಭಾಗ್ಯಮ್ಮ ತಟ್ಟೆಗೆ ಎರಡೂ ಕೈ ಹಾಕಿದಳು. ಸೆರಗು ಜಾರಿತು. ಚಪ್ಪರದಲ್ಲಿದ್ದ ಅಷ್ಟು ಜನರ ಎದುರಿಗೆ ಅವಳ ಬಾಯಿ ತನ್ನ ಕೆಲಸ ಮಾಡುತ್ತಿತ್ತು.

“ತಡೀರಿ” ಎಂದ ಶಿವನಂಜಪ್ಪ. ತಟ್ಟೆ ನಡುವೆಯೇ ನಿಂತಿತು. “ಏನ್ ಲಿಂಗರಾಜು ಇದು? ವೀಳ್ಯ ಇನ್ನೂ ಕೈ ಬದಲಾಗಿಲ್ಲ. ನಿಮ್ಮನೆಯವ್ರು ಆಗ್ಲೇ ಎಲೆ ಆಕ್ಕೊಂಡು ಅಗೀತಾ ಕುಂತವ್ರಲ್ಲ?”

ಲಿಂಗರಾಜು ಕೈ ಜೋಡಿಸಿದ. ಆಡಿ ಆಡಿ ರೂಢಿಯಾದ ಸುಳ್ಳು ತಾನಾಗಿಯೇ ಹೊರಬಂತು. “ಅದು... ಅವ್ಳಿಗೆ ಎಲಡ್ಕೆ ಚಟ ವಸಿ ಜಾಸ್ತಿ ಕಣಣ್ಣ. ತಪ್ಪಾಯ್ತು.”

“ಚಟ ಮನೇಲಿರ್ಲಿ. ನಮ್ಮಲ್ಲಿ ಒಂದು ಮಾತದೆ. ವೀಳ್ಯಕ್ಕೆ ಮೊದ್ಲೇ ಎಲೆ ಅಗ್ದೋರು ಕೊಟ್ಟ ಮಾತ್ನೂ ಅಗ್ದುಬುಡ್ತಾರೆ ಅಂತ. ನಾವು ಇಲ್ಲಿಗೆ ಬಂದಿರೋದು ಅವಮಾನ ಮಾಡುಸ್ಕೊಳಕ್ಕಲ್ಲ.”

“ತಪ್ಪುಕಾಣಿಕೆ ಇಡ್ತೀವಿ, ದೊಡ್ಡ ಮನಸ್ಸು ಮಾಡಿ” ಎಂದ ಲಿಂಗರಾಜು. ಹೆಂಡತಿಯ ಕಡೆ ತಿರುಗಿ, ಕಣ್ಣಲ್ಲೇ ಬೇಡಿಕೊಳ್ಳುತ್ತ ಹೇಳಿದ, “ಎದ್ದೋಗಿ ಉಗುಳ್ಬುಟ್ಟು ಬಾರೆ, ಓಗು.”

ಭಾಗ್ಯಮ್ಮ ತಟ್ಟೆ ಇಳಿಸಿ ಎದ್ದಳು. ಬಚ್ಚಲಿಗೆ ಹೋಗಿ ಚೊಂಬಿನಲ್ಲಿ ನೀರು ತೆಗೆದುಕೊಂಡು ನಿಂತಳು. ಉಗುಳಲು ಏನಿದೆ? ಎರಡು ಸಲ ಮುಕ್ಕಳಿಸಿ ಸದ್ದು ಮಾಡಿ ಉಗುಳಿದರೆ ಹೊರಗಿದ್ದವರಿಗೆ ಸಾಕಾಗುತ್ತಿತ್ತು. ಕೆನ್ನೆಗೊಂದು ಲವಂಗ ಸೇರಿಸಿಕೊಂಡು ಹೋಗಿ, ಕಾಣಿಕೆ ಇಟ್ಟು, ಕಾಲಿಗೆ ಬಿದ್ದರೆ ಶಾಸ್ತ್ರ ಮುಂದುವರಿಯುತ್ತಿತ್ತು. ಎಲೆ ತಿಂದ ದಿನವೇ ಇಲ್ಲದವಳು ಎಲೆ ತಿಂದದ್ದಕ್ಕೆ ತಪ್ಪೊಪ್ಪಿಕೊಳ್ಳಬೇಕು, ಅದೂ ಕಟ್ಟಳೆಗೆ ಕಟ್ಟುಬಿದ್ದು ಲವಂಗವನ್ನೂ ಬಿಟ್ಟು ಬಂದ ದಿನ. ಅವಳಿಗೆ ಮೊದಲ ಸಲ ಸಿಟ್ಟು ಬಂತು. ಮಾತ್ರೆಯ ಮೇಲಲ್ಲ, ಶಿವನಂಜಪ್ಪನ ಮೇಲೂ ಅಲ್ಲ. ಸೊಂಟಕ್ಕೆ ಆ ಚೀಲ ಕಟ್ಟಿಕೊಂಡು ಓಡಾಡಿದ ತನ್ನ ಮೇಲೆ. ಇವತ್ತು ಉಗುಳಿದಂತೆ ಮಾಡಿದರೆ ನಾಳೆ ಬೀಗರ ಮನೆಯಲ್ಲೂ, ಬಸುರಿ ಊಟದಲ್ಲೂ, ಮೊಮ್ಮಗುವಿನ ನಾಮಕರಣದಲ್ಲೂ ಉಗುಳುತ್ತಲೇ ಇರಬೇಕು. ಶಾಂತಲಾ ಅದನ್ನು ನೋಡುತ್ತಲೇ ಇರಬೇಕು.

ಚೊಂಬಿನ ನೀರನ್ನು ಹಾಗೇ ಬಚ್ಚಲಿಗೆ ಸುರಿದು ಹೊರಗೆ ಬಂದಳು. ಕೂರಲಿಲ್ಲ. ಶಿವನಂಜಪ್ಪನ ಎದುರಿಗೆ ನಿಂತು ಬಾಯಿ ಅಗಲಿಸಿ ತೆರೆದಳು. ಹಲ್ಲು ಬೆಳ್ಳಗಿತ್ತು. ನಾಲಿಗೆಯಲ್ಲಿ ಕೆಂಪಿನ ಸುಳಿವಿರಲಿಲ್ಲ. ಬರೀ ನಾಲಿಗೆ, ಒಂದು ಕಡೆ ನಿಲ್ಲಲಾರದೆ ಹೊರಳುತ್ತಿತ್ತು.

“ನೋಡ್ಕಳಿ ಅಣ್ಣ” ಎಂದಳು. ಮಾತು ಶುರುವಾದದ್ದೇ ತುಟಿ ಹದಕ್ಕೆ ಬಂತು. “ನಾನು ಎಲೆ ಆಕ್ಕೊಂಡಿಲ್ಲ. ನಂಗೆ ಆ ಚಟಾನೇ ಇಲ್ಲ. ಇವರು ಏಳಿದ್ದು ಸುಳ್ಳು, ನಾನೂ ಕೂಡ್ಕೊಂಡೇ ಏಳಿರೋ ಸುಳ್ಳು. ಶಾಂತಲಾ ಸಣ್ಣೋಳಿದ್ದಾಗ ನಂಗೆ ತಲೆ ಕೆಟ್ಟಿತ್ತು. ಇಲ್ಲದ್ದೆಲ್ಲ ಕೇಳುಸ್ತಿತ್ತು. ಎರಡು ವರ್ಷ ಗಾಳಿ ಅಂತ ಒಡುಸ್ದ್ರು, ಕೂಡಾಕುದ್ರು. ಆಮೇಲೆ ಮೈಸೂರ್ನಲ್ಲಿ ಮಾತ್ರೆ ಕೊಟ್ರು, ವಾಸಿಯಾಯ್ತು. ಈಗ ಮಾತ್ರೇನೂ ಇಲ್ಲ, ತಲೇನೂ ಸರಿಯಾಗದೆ. ಆ ಮಾತ್ರೆ ಓಗ್ತಾ ಈ ಬಾಯಾಟ ಬುಟ್ಟೋಯ್ತು. ಇದು ನಿಲ್ಲುತ್ತೋ ಇಲ್ವೋ ಡಾಕ್ಟ್ರಿಗೇ ಗೊತ್ತಿಲ್ಲ. ನನ್ ಮಗ್ಳ ವೀಳ್ಯ ಖಾಲಿ ಬಾಯಲ್ಲಿ ಕೊಡ್ಬೇಕು ಅಂತ ಬಂದೆ. ಅಷ್ಟೇಯ.”

ಹಿಂದೆ ಕೂತ ಯಾರೋ “ಉಚ್ಚು ಇತ್ತಂತೆ” ಎಂದು ಪಕ್ಕದವರ ಕಿವಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಲಿಂಗರಾಜು ತಲೆ ಎತ್ತಲಿಲ್ಲ. ಗುರುಶಾಂತಮ್ಮ ಕಣ್ಣು ಒರೆಸಿಕೊಂಡಳು. ಮದುವೆ ಮುರಿಯಿತೆಂದು ಅತ್ತಳೋ, ನಾದಿನಿ ಎದ್ದು ನಿಂತಳೆಂದು ಅತ್ತಳೋ, ಅವಳಿಗೇ ಗೊತ್ತಿರಲಿಕ್ಕಿಲ್ಲ. ಶಾಸ್ತ್ರ ಮುಗಿಯುವವರೆಗೆ ಹೊರಗೆ ಬರಬಾರದಿದ್ದ ಶಾಂತಲಾ ಕೋಣೆಯಿಂದ ಬಂದು ಅವ್ವನ ಪಕ್ಕದಲ್ಲಿ ನಿಂತಳು. ಅವಳು ತಲೆ ತಗ್ಗಿಸಿರಲಿಲ್ಲ.

“ಇದ್ನ ಮೊದ್ಲೇ ಯಾಕೆ ಏಳ್ಲಿಲ್ಲ?” ಎಂದು ಕೇಳಿದ ಶಿವನಂಜಪ್ಪ.

“ಮೊದ್ಲೇ ಏಳಿದ್ರೆ ನೀವು ಬತ್ತಿದ್ರಾ?”

ಅವನು ಮೀಸೆಯ ಮೇಲೆ ಕೈಯಾಡಿಸಿದ. ಶಾಸ್ತ್ರದ ಮನುಷ್ಯ, ಸುಳ್ಳು ಅವನ ಬಾಯಿಗೆ ಬರಲಿಲ್ಲ. “ಬತ್ತಿರ್ಲಿಲ್ಲ” ಎಂದ. ಆಮೇಲೆ ತನ್ನ ಕಡೆಯ ತಟ್ಟೆಯಿಂದ ಎರಡು ಎಲೆ, ಒಂದು ಅಡಿಕೆ ತೆಗೆದು ಭಾಗ್ಯಮ್ಮನ ಮುಂದೆ ಇಟ್ಟ. “ಇಲ್ಲದ ತಪ್ಪು ಒರಿಸ್ದೋನು ಎಲೆ ಇಟ್ಟು ಕೇಳ್ಕೊಬೇಕು. ನಾನು ಒರಿಸ್ದೆ, ತಪ್ಪಾಯ್ತು ತಾಯಿ. ಅದು ಅಲ್ಲಿಗೆ ಮುಗೀತು. ಇನ್ನು ಸಂಬಂಧದ ಮಾತು. ಅದು ನನ್ನದಲ್ಲ, ತಾಯಿಯಾದೋಳ್ದು” ಎಂದು ಸುನಂದಮ್ಮನ ಕಡೆ ನೋಡಿದ.

ಇಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಸುನಂದಮ್ಮ ಭಾಗ್ಯಮ್ಮನ ಮುಖವನ್ನೇ ನೋಡುತ್ತಿದ್ದಳು. ಹಿಂದೆ ಕೂತಿದ್ದ ನಟರಾಜು ಏನೋ ಹೇಳಲು ಬಾಯಿ ತೆರೆದ. ಅವಳು ಕೈ ಎತ್ತಿ ಅವನನ್ನು ಸುಮ್ಮನಾಗಿಸಿದಳು.

“ಕೇಳ್ದೆ ಅಂತ ಬೇಜಾರ್ ಮಾಡ್ಕಬ್ಯಾಡಿ ಬೀಗ್ರೇ. ಇದು ಮಕ್ಳಿಗೂ ಬತ್ತದಾ?”

ಎಂಥ ಪ್ರಶ್ನೆ! ಭಾಗ್ಯಮ್ಮನಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. ಮಗಳು ಹನ್ನೆರಡು ತುಂಬಿದಾಗಿನಿಂದ ಅವಳು ತನ್ನನ್ನೇ ಕೇಳಿಕೊಂಡ ಪ್ರಶ್ನೆ ಅದು.

“ಬಾಯಾಟ ಬರಲ್ಲ, ಅದು ಮಾತ್ರೆದು. ಕಾಯಿಲೆ ವಿಷ್ಯ ನಾನೂ ಡಾಕ್ಟ್ರನ್ನ ಕೇಳ್ದೆ. ಬಂದ್ರೂ ಬರ್ಬೋದು, ಬರ್ದೇನೂ ಇರ್ಬೋದು, ಜಾಸ್ತಿ ಜನುಕ್ಕೆ ಬರಲ್ಲ ಅಂದ್ರು. ಬರಾಕಿಲ್ಲ ಅಂತ ಆಣೆ ಇಟ್ಟು ಏಳಕ್ಕೆ ನನ್ ಕೈಲಾಗಲ್ಲ” ಎಂದಳು. ಆಮೇಲೆ ಅವಳ ದನಿ ಸಣ್ಣಗಾಯಿತು. “ಈಗ ನಾನೊಂದು ಕೇಳ್ಲಾ? ಎಣ್ಣು ಕೊಡೋಳು ನಾನು. ಆಕಸ್ಮಾತ್ ಅವ್ಳಿಗೆ ನಿದ್ದೆ ಬುಟ್ಟೋದ್ರೆ, ಇಲ್ಲದ್ದು ಕೇಳುಸ್ತದೆ ಅಂದ್ರೆ, ನೀವು ಏನ್ ಮಾಡ್ತೀರಿ? ಕೂಡಾಕ್ತೀರಾ, ಆಸ್ಪತ್ರೆಗೆ ಕರ್ಕೊಂಡೋಗ್ತೀರಾ?”

ಬೀಗತಿಯನ್ನು, ಅದೂ ಗಂಡಿನ ಕಡೆಯವಳನ್ನು, ವೀಳ್ಯದ ದಿನ ಹೀಗೆ ಕೇಳಿದವರನ್ನು ಶಿವನಂಜಪ್ಪ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಆದರೆ ಕೇಳಬಾರದು ಎನ್ನುವ ಶಾಸ್ತ್ರವೂ ಅವನಿಗೆ ನೆನಪಾಗಲಿಲ್ಲ.

ಸುನಂದಮ್ಮ ಸುಲಭಕ್ಕೆ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಭಾಗ್ಯಮ್ಮ ನಂಬುತ್ತಲೂ ಇರಲಿಲ್ಲ. ಮಾತು ನಿಂತದ್ದೇ ಭಾಗ್ಯಮ್ಮನ ದವಡೆ ಮತ್ತೆ ಆಡತೊಡಗಿತು. ಸೆರಗು ಭುಜದ ಮೇಲೆಯೇ ಇತ್ತು.

“ಸುಳ್ಳು ಯಾಕೇಳ್ಲಿ” ಎಂದಳು ಸುನಂದಮ್ಮ ಕೊನೆಗೆ. “ನಿನ್ನೆ ಕೇಳಿದ್ರೆ, ನಾನೂ ಮೊದ್ಲು ದೇವಸ್ಥಾನುಕ್ಕೇ ಕರ್ಕೊಂಡೋಗ್ತಿದ್ದೆ. ತಾಯ್ತಾನೇ ಕಟ್ಟುಸ್ತಿದ್ದೆ. ನಂಗೆ ಅಷ್ಟೇ ಗೊತ್ತಿದ್ದಿದ್ದು. ಇವತ್ತು ನಿಮ್ ಮಾತು ಕೇಳ್ದೆ. ಅಂಗೇನಾದ್ರೂ ಆದ್ರೆ ಮೊದ್ಲು ನಿಮ್ಗೆ ಏಳಿ ಕಳುಸ್ತೀನಿ. ದಾರಿ ಗೊತ್ತಿರೋರು ನೀವು, ನೀವೇ ಕರ್ಕೊಂಡೋಗಿ. ನಾನು ಜೊತೇಲಿ ಬತ್ತೀನಿ. ಬಾಗ್ಲು ಮಾತ್ರ ಆಕಲ್ಲ.”

ತಾನು ಸೌದೆ ಕೊಟ್ಟಿಗೆಯಲ್ಲಿದ್ದ ದಿನಗಳಲ್ಲಿ ಯಾರಾದರೂ ಒಬ್ಬರು ಈ ಮಾತು ಹೇಳಿದ್ದರೆ ಎಂದು ಭಾಗ್ಯಮ್ಮನ ಮನಸ್ಸು ಹಿಂದಕ್ಕೆ ಹೋಗಿ ಬಂತು. ಕಣ್ಣು ತುಂಬಿ ಸುರಿಯಿತು, ಒರೆಸಿಕೊಳ್ಳಲಿಲ್ಲ.

ಲಿಂಗರಾಜು ಎದ್ದ. ನೆಲದ ಮೇಲಿದ್ದ ತಟ್ಟೆಯನ್ನು ಎತ್ತಿ ಹೆಂಡತಿಯ ಎರಡೂ ಕೈಗಿತ್ತ. ತಾನು ಕೊಡಲಾರದ್ದನ್ನು ಅವಳು ಕೊಡಲಿ ಎನ್ನುವಂತೆ ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಸುನಂದಮ್ಮ ತನ್ನ ಸೆರಗು ಹಿಡಿದು ಮಡಿಲು ಒಡ್ಡಿದಳು.

“ತಗೊಳಿ ಬೀಗ್ರೇ” ಎಂದಳು ಭಾಗ್ಯಮ್ಮ, “ನನ್ ಮಗ್ಳನ್ನ ಕೊಡ್ತಾ ಇವ್ನಿ.” ಅಷ್ಟು ಹೇಳಿ ಅವಳ ಮಾತು ಮುಗಿಯಿತು, ಬಾಯಿ ಮತ್ತೆ ಶುರುವಾಯಿತು. ಚಪ್ಪರದ ಜನ ನೋಡಿದರು. ನೋಡಲಿ ಎಂದು ಅವಳು ಮುಖ ಎತ್ತಿಕೊಂಡೇ ಕೊಟ್ಟಳು.